ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (೧೩ ಮೇ ೧೮೫೭ – ೧೬ ಸೆಪ್ಟೆಂಬರ್ ೧೯೩೨) ಮಲೇರಿಯಾ ರೋಗವು ಸೊಳ್ಳೆಯ ಮೂಲಕ ಹರಡುತ್ತದೆ ಎಂಬುದನ್ನು ಪ್ರಯೋಗಗಳಿಂದ ಸಿದ್ಧಪಡಿಸಿದ ವೈದ್ಯರು ಮತ್ತು ವಿಜ್ಞಾನಿ. ಈ ಸಾಧನೆಗಾಗಿ ಅವರಿಗೆ ೧೯೦೨ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಭಾರತದ ನೆಲದಲ್ಲಿ ಹುಟ್ಟಿದವರಲ್ಲಿ ಈ ಪ್ರಶಸ್ತಿ ಪಡೆದ ಮೊದಲಿಗರು ಅವರೇ. ಅವರ ಮುಖ್ಯ ಸಂಶೋಧನೆಗಳು ಸಿಕಂದರಾಬಾದ್ ಮತ್ತು ಕಲ್ಕತ್ತಾ ನಗರಗಳಲ್ಲಿ ನಡೆದವು. ಆದರೆ ಸೊಳ್ಳೆಗಳ ಕಡೆಗೆ ಅವರ ಗಮನ ಮೊದಲು ಹರಿದದ್ದೂ, ಜನರ ಆರೋಗ್ಯವನ್ನು ಕಾಯುವುದು ತಮ್ಮ ಬದುಕಿನ ಕೆಲಸವೆಂಬ ಅರಿವು ಅವರಲ್ಲಿ ಗಟ್ಟಿಗೊಂಡದ್ದೂ ಬೆಂಗಳೂರಿನ ದಂಡು ಪ್ರದೇಶದಲ್ಲಿ. ೧೮೯೫ರಿಂದ ೧೮೯೭ರವರೆಗೆ ಅಲ್ಲಿನ ಕಾಲರಾ ನಿವಾರಣೆ ಮತ್ತು ನೈರ್ಮಲ್ಯದ ಹೊಣೆಯನ್ನು ಅವರು ಹೊತ್ತಿದ್ದರು.

ಜನನ ಮತ್ತು ಬಾಲ್ಯ

ರಾಸ್ ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳ ದಂಗೆ ಆರಂಭವಾಗಿ ಆಗ ಮೂರು ದಿನಗಳಾಗಿದ್ದವು. ತಂದೆ ಕ್ಯಾಂಬೆಲ್ ರಾಸ್ ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿ, ಮುಂದೆ ಜನರಲ್ ಪದವಿಗೇರಿದವರು. ತಾಯಿ ಮಟಿಲ್ಡಾ. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯ. ಭಾರತದಲ್ಲಿದ್ದ ಆಂಗ್ಲ ಕುಟುಂಬಗಳ ರೂಢಿಯಂತೆ ಎಂಟನೆಯ ವಯಸ್ಸಿನಲ್ಲೇ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ವೈಟ್ ದ್ವೀಪದಲ್ಲಿ ಬಂಧುಗಳ ಮನೆಯಲ್ಲಿ ಬೆಳೆದು, ಸೌತಾಂಪ್ಟನ್ ಸಮೀಪದ ವಸತಿ ಶಾಲೆಯೊಂದರಲ್ಲಿ ಓದಿದರು.

ಹುಡುಗನಿಗೆ ಚಿತ್ರಕಲೆ, ಸಂಗೀತ, ಕಾವ್ಯ, ಗಣಿತ ಎಲ್ಲವೂ ಪ್ರಿಯವಾಗಿದ್ದವು. ಕಲಾವಿದನೋ ಬರಹಗಾರನೋ ಆಗಬೇಕೆಂಬುದು ಅವನ ಆಸೆ. ತಂದೆಯ ನಿರ್ಧಾರ ಬೇರೆಯಾಗಿತ್ತು. ಮಗ ವೈದ್ಯನಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಬೇಕೆಂದು ಅವರು ಪಟ್ಟು ಹಿಡಿದರು. ೧೮೭೪ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೊಮಿಯೊ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದ ರಾಸ್, ಓದಿಗಿಂತ ಹೆಚ್ಚಿನ ಹೊತ್ತನ್ನು ನಾಟಕ, ಕವಿತೆ, ಸಂಗೀತಗಳ ರಚನೆಯಲ್ಲಿ ಕಳೆದರು. ಅಗತ್ಯವಾದ ಎರಡು ಪರೀಕ್ಷೆಗಳಲ್ಲಿ ಒಂದರಲ್ಲಿ ತೇರ್ಗಡೆಯಾಗಿ ಇನ್ನೊಂದರಲ್ಲಿ ಅನುತ್ತೀರ್ಣರಾದರು. ಕೆಲಕಾಲ ಅಟ್ಲಾಂಟಿಕ್ ದಾಟುವ ಹಡಗಿನಲ್ಲಿ ವೈದ್ಯರಾಗಿ ದುಡಿದು, ಮತ್ತೆ ಪರೀಕ್ಷೆಗೆ ಕುಳಿತು, ೧೮೮೧ರಲ್ಲಿ ವೈದ್ಯಕೀಯ ಸೇವೆಗೆ ಆಯ್ಕೆಯಾಗಿ ಮದರಾಸು ಪ್ರಾಂತ್ಯಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಆ ವೃತ್ತಿಯ ಬಗ್ಗೆ ಅವರಲ್ಲಿ ಆಗಿನ್ನೂ ಒಲವು ಹುಟ್ಟಿರಲಿಲ್ಲ.

ದಂಡು ಪ್ರದೇಶದಲ್ಲಿ ಮೊದಲ ದಿನಗಳು

೧೮೮೩ರಲ್ಲಿ ರಾಸ್ ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ನೇಮಕಗೊಂಡರು. ೧೮೦೯ರಲ್ಲಿ ಹಲಸೂರಿನ ಬಳಿ ಬ್ರಿಟಿಷ್ ಪಡೆಗಳು ನೆಲೆಸಿದಾಗ ಹುಟ್ಟಿದ ಈ ದಂಡು ಪ್ರದೇಶವು ಆ ಹೊತ್ತಿಗೆ ಪೇಟೆಯಿಂದ ಬೇರೆಯಾದ ಒಂದು ಊರಾಗಿಯೇ ಬೆಳೆದಿತ್ತು. ೧೮೮೧ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಮಾತ್ರ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ ಉಳಿಸಿಕೊಳ್ಳಲಾಗಿತ್ತು. ಪಶ್ಚಿಮಕ್ಕೆ ಮಹಾರಾಜರ ಬೆಂಗಳೂರು, ಪೂರ್ವಕ್ಕೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಎರಡಕ್ಕೂ ಬೇರೆ ಬೇರೆ ಪೌರಾಡಳಿತ.

ಸೇನಾ ವೈದ್ಯನಿಗೆ ಕೆಲಸ ಹೆಚ್ಚೇನೂ ಇರಲಿಲ್ಲ. ಬೆಳಗಿನ ಆಸ್ಪತ್ರೆ ಮುಗಿದರೆ ಉಳಿದ ದಿನವೆಲ್ಲ ಬಿಡುವು. ರಾಸ್ ಕವಿತೆ ಬರೆಯುತ್ತ, ಗಣಿತದ ಪುಸ್ತಕಗಳನ್ನು ತಾವೇ ಓದಿ ಕಲಿಯುತ್ತ ದಿನ ಕಳೆದರು. ಅವರು ವಾಸವಿದ್ದ ಬಂಗಲೆಯಲ್ಲಿ ಒಂದೇ ಕೊರತೆ, ಸೊಳ್ಳೆಗಳ ಕಾಟ. ಜೊತೆಯವರ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿ ಅವು ಹೆಚ್ಚಾಗಿರುವುದನ್ನು ಗಮನಿಸಿದ ರಾಸ್ ಕಾರಣ ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಒದ್ದಾಡುತ್ತಿರುವುದು ಕಂಡಿತು. ತೊಟ್ಟಿಯನ್ನು ಬೋರಲು ಹಾಕಿಸಿದರು. ಸೊಳ್ಳೆಗಳು ಬಹುಮಟ್ಟಿಗೆ ಇಲ್ಲವಾದವು.

ಬಂಗಲೆಯ ಉಳಿದ ಹೂಕುಂಡ, ಡಬ್ಬ, ತೊಟ್ಟಿಗಳನ್ನೂ ಬರಿದು ಮಾಡಿಸೋಣವೆಂದು ಅವರು ಮೇಲಧಿಕಾರಿಯಲ್ಲಿ ಕೇಳಿಕೊಂಡರು. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಒಂದು ಉದ್ದೇಶವಿದ್ದೇ ಇರುತ್ತದೆ, ಅದನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬ ಅರ್ಥದ ಉತ್ತರ ಬಂದಿತು. ರಾಸ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ನೆನೆದಿದ್ದಾರೆ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟು ಅಂದು ಅವರಿಗೂ ತಿಳಿದಿರಲಿಲ್ಲ. ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಹೋಗುತ್ತದೆಂಬ ಅಂದಿನ ಸಣ್ಣ ತಿಳಿವು ಹದಿನೈದು ವರ್ಷಗಳ ನಂತರ ಒಂದು ಸಾರ್ವಜನಿಕ ಆರೋಗ್ಯ ಕಾರ್ಯಕ್ರಮದ ತಳಹದಿಯಾಯಿತು.

ಗುರಿಯ ಹುಡುಕಾಟ

ಬರ್ಮಾ ಯುದ್ಧ, ಅಂಡಮಾನ್, ಮದರಾಸು ಪ್ರಾಂತ್ಯದ ಹಲವು ಠಾಣೆಗಳು, ಹೀಗೆ ರಾಸ್ ವರ್ಷಗಟ್ಟಲೆ ಅಲೆದರು. ಈ ಅವಧಿಯಲ್ಲಿ ಕಾದಂಬರಿಗಳನ್ನು ಬರೆದರು, ಗಣಿತದಲ್ಲಿ ಸ್ವಂತ ಪ್ರಯತ್ನಗಳನ್ನು ಮಾಡಿದರು. ಒಂದೂ ಅವರಿಗೆ ಹೆಸರು ತರಲಿಲ್ಲ. ಪ್ರತಿಭೆ ಇತ್ತು, ಆದರೆ ಅದು ಹತ್ತು ದಿಕ್ಕಿಗೆ ಚದುರಿತ್ತು. ಇದೇ ಕಾಲದಲ್ಲಿ ತಮ್ಮ ಸುತ್ತಲಿನ ಜನರ ಬಡತನ ಮತ್ತು ರೋಗಗಳನ್ನು ನೋಡಿ ಅವರ ಮನಸ್ಸು ಕಲಕತೊಡಗಿತು. ಹಳ್ಳಿಗೆ ಹಳ್ಳಿಯೇ ಜ್ವರದಲ್ಲಿ ಮಲಗಿರುವಾಗ ತಾವು ಕವಿತೆ ಬರೆಯುತ್ತ ಕುಳಿತಿರುವುದು ಸರಿಯೇ ಎಂಬ ಪ್ರಶ್ನೆ ಆ ವರ್ಷಗಳ ಅವರ ಪದ್ಯಗಳಲ್ಲೇ ಕಾಣಿಸಿಕೊಳ್ಳುತ್ತದೆ.

೧೮೮೮ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ಬ್ಯಾಕ್ಟೀರಿಯಾ ಶಾಸ್ತ್ರದ ತರಬೇತಿಯನ್ನೂ ಮುಗಿಸಿದರು. ೧೮೮೯ರಲ್ಲಿ ರೋಸಾ ಬ್ಲಾಕ್ಸಮ್ ಅವರನ್ನು ವಿವಾಹವಾಗಿ ಭಾರತಕ್ಕೆ ಮರಳಿದರು. ಆ ಬಳಿಕ ಮಲೇರಿಯಾ ಜ್ವರದ ಕುರಿತು ಬರೆಯಲಾರಂಭಿಸಿದರೂ, ಆರಂಭದ ಲೇಖನಗಳಲ್ಲಿ ಅದು ಕರುಳಿನ ದೋಷದಿಂದ ಬರುತ್ತದೆಂದು ವಾದಿಸಿದ್ದರು. ಫ್ರಾನ್ಸಿನ ಸೇನಾ ವೈದ್ಯ ಲಾವರಾನ್ ೧೮೮೦ರಲ್ಲಿ ಅಲ್ಜೀರಿಯದಲ್ಲಿ ರೋಗಿಗಳ ರಕ್ತದೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡಿದ್ದರಾದರೂ, ರಾಸ್‌ಗೆ ತಮ್ಮ ಸೂಕ್ಷ್ಮದರ್ಶಕದಲ್ಲಿ ಅದು ಕಾಣಿಸದ ಕಾರಣ ಅದರ ಇರವನ್ನೇ ಶಂಕಿಸಿದ್ದರು.

೧೮೯೪ರಲ್ಲಿ ಮತ್ತೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಭೇಟಿಯಾಯಿತು. ಆನೆಕಾಲು ರೋಗದ ಸೂಕ್ಷ್ಮ ಹುಳುಗಳು ಸೊಳ್ಳೆಯ ಒಡಲಿನಲ್ಲಿ ಬೆಳೆಯುತ್ತವೆಂದು ಚೀನಾದಲ್ಲಿ ಕಂಡುಹಿಡಿದಿದ್ದ ಮ್ಯಾನ್ಸನ್, ಲಾವರಾನರ ಪರೋಪಜೀವಿಯನ್ನು ರಾಸ್‌ಗೆ ಕಣ್ಣಾರೆ ತೋರಿಸಿದರು. ಮಲೇರಿಯಾವೂ ಸೊಳ್ಳೆಯ ಮೂಲಕವೇ ಸಾಗುತ್ತಿರಬಹುದೆಂಬ ತಮ್ಮ ಊಹೆಯನ್ನೂ ಹೇಳಿದರು. ಮೂವತ್ತೇಳು ವರ್ಷದ ರಾಸ್‌ಗೆ ಬದುಕಿನ ಕೆಲಸ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಗುರುವಿಗೆ ಅವರು ಬರೆದ ನೂರಕ್ಕೂ ಹೆಚ್ಚು ಪತ್ರಗಳು ವಿಜ್ಞಾನದ ಇತಿಹಾಸದಲ್ಲಿ ಅಪರೂಪದ ದಾಖಲೆ. ಪ್ರತಿ ಸೋಲನ್ನೂ ಅವು ದಿನಾಂಕದೊಂದಿಗೆ ಬಿಚ್ಚಿಡುತ್ತವೆ.

ಸಿಕಂದರಾಬಾದ್, ೧೮೯೫

೧೮೯೫ರ ಏಪ್ರಿಲಿನಲ್ಲಿ ಸಿಕಂದರಾಬಾದಿನ ಮದರಾಸು ಕಾಲಾಳು ಪಡೆಯೊಂದಿಗೆ ಕೆಲಸ ಆರಂಭವಾಯಿತು. ಮ್ಯಾನ್ಸನ್‌ರ ಊಹೆಯಲ್ಲಿ ಒಂದು ತಪ್ಪಿತ್ತು. ಸೊಳ್ಳೆ ಒಮ್ಮೆ ರಕ್ತ ಕುಡಿದು, ನೀರಿನ ಮೇಲೆ ಮೊಟ್ಟೆಯಿಟ್ಟು ಸಾಯುತ್ತದೆ, ಆ ನೀರನ್ನು ಕುಡಿದ ಮನುಷ್ಯನಿಗೆ ಜ್ವರ ಬರುತ್ತದೆ ಎಂದು ಅವರು ನಂಬಿದ್ದರು. ರಾಸ್ ರೋಗಿಗಳಿಂದ ರಕ್ತ ಹೀರಿದ ಸೊಳ್ಳೆಗಳನ್ನು ನೀರಿನಲ್ಲಿ ಸಾಯಲು ಬಿಟ್ಟು, ಆ ನೀರನ್ನು ಹಣಕ್ಕೆ ಒಪ್ಪಿದ ಕೆಲವರಿಗೆ ಕುಡಿಸಿದರು. ಲಕ್ಷ್ಮಣ ಎಂಬಾತನಿಗೆ ಜ್ವರ ಬಂದಾಗ ಯಶಸ್ಸು ಸಿಕ್ಕಿತೆಂದು ಹಿಗ್ಗಿದರು. ಮುಂದೆ ಆ ಹಿಗ್ಗು ಉಳಿಯಲಿಲ್ಲ.

ಇಂದಿನ ವೈದ್ಯಕೀಯ ನೀತಿಯ ಅಳತೆಗೋಲಿನಿಂದ ನೋಡಿದರೆ ಇಂತಹ ಪ್ರಯೋಗಗಳನ್ನು ಸಮರ್ಥಿಸುವುದು ಕಷ್ಟ. ಹಣದ ಅಗತ್ಯವಿದ್ದ ಬಡವರೇ ಅವುಗಳಿಗೆ ಒಡ್ಡಿಕೊಂಡವರು. ಪರೋಪಕಾರಕ್ಕಾಗಿ ನಡೆದ ಸಂಶೋಧನೆಯ ಬೆಲೆಯನ್ನು ಯಾರು ತೆತ್ತರು ಎಂಬ ಪ್ರಶ್ನೆಯನ್ನು ರಾಸ್‌ರ ಜೀವನಚರಿತ್ರೆ ಓದುವವರು ಬದಿಗಿಡುವಂತಿಲ್ಲ.

ಬೆಂಗಳೂರಿನಲ್ಲಿ ಕಾಲರಾ ಕಾರ್ಯ

ಸಂಶೋಧನೆ ಕುದುರುತ್ತಿದ್ದ ಹೊತ್ತಿನಲ್ಲೇ, ೧೮೯೫ರ ಸೆಪ್ಟೆಂಬರಿನಲ್ಲಿ, ರಾಸ್‌ಗೆ ಬೆಂಗಳೂರಿಗೆ ಹೋಗುವಂತೆ ಆಜ್ಞೆ ಬಂದಿತು. ದಂಡು ಪ್ರದೇಶದಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಅದನ್ನು ತಡೆಯುವ, ಊರಿನ ನೈರ್ಮಲ್ಯವನ್ನು ಪರಿಶೀಲಿಸಿ ಸರಿಪಡಿಸುವ ವಿಶೇಷ ಕರ್ತವ್ಯ ಅವರ ಮೇಲೆ ಬಿತ್ತು. ಸೊಳ್ಳೆಗಳನ್ನು ಬಿಟ್ಟು ಚರಂಡಿಗಳ ಹಿಂದೆ ಹೋಗಬೇಕಾದ ಬಗ್ಗೆ ಅವರಿಗೆ ಅಸಮಾಧಾನವಿತ್ತು. ಆದರೂ ಕೆಲಸವನ್ನು ಅರೆಮನಸ್ಸಿನಿಂದ ಮಾಡಲಿಲ್ಲ.

ಆ ಕಾಲದ ದಂಡು ಪ್ರದೇಶದಲ್ಲಿ ಎರಡು ಲೋಕಗಳಿದ್ದವು. ಒಂದೆಡೆ ಪರೇಡ್ ಮೈದಾನದ ಸುತ್ತಣ ವಿಶಾಲ ಬಂಗಲೆಗಳು, ತೋಟಗಳು, ಚರ್ಚುಗಳು. ಇನ್ನೊಂದೆಡೆ ಇಂದಿನ ಶಿವಾಜಿನಗರವಾದ ಬ್ಲಾಕ್‌ಪಳ್ಳಿ, ಹಲಸೂರು ಮೊದಲಾದ ಕಡೆಗಳಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳು. ಸೇನೆಗೆ ಸಾಮಾನು ಪೂರೈಸುವ ವರ್ತಕರು, ಅಡುಗೆಯವರು, ಅಗಸರು, ಕುದುರೆ ನೋಡಿಕೊಳ್ಳುವವರು, ಕೂಲಿಯವರು ಅಲ್ಲಿ ನೆಲೆಸಿದ್ದರು. ತಮಿಳು, ದಖನಿ ಉರ್ದು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. ಕುಡಿಯುವ ನೀರಿಗೆ ಕೆರೆಗಳೂ ಬಾವಿಗಳೂ ಆಧಾರ. ದಂಡಿಗೆ ನೀರೊದಗಿಸಲು ೧೮೮೨ರಲ್ಲಿ ಸ್ಯಾಂಕಿ ಕೆರೆಯನ್ನು ಕಟ್ಟಲಾಗಿತ್ತು. ಹೆಸರಘಟ್ಟದಿಂದ ಕೊಳವೆಯ ನೀರು ಊರಿಗೆ ಬಂದದ್ದು ರಾಸ್ ಬೆಂಗಳೂರಿನಲ್ಲಿದ್ದ ೧೮೯೬ರಲ್ಲಿ.

ಕಾಲರಾ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ಒಂದು ದಶಕದ ಹಿಂದೆಯೇ ಗುರುತಿಸಿದ್ದರು. ರೋಗಿಯ ಮಲದಿಂದ ಕಲುಷಿತವಾದ ನೀರಿನಲ್ಲಿ ಅದು ಹರಡುತ್ತದೆ. ಹೀಗಾಗಿ ಬಾವಿಗೂ ಶೌಚಕ್ಕೂ ನಡುವಿನ ಅಂತರ, ಚರಂಡಿಯ ಇಳಿಜಾರು, ಕಸ ಸಾಗಿಸುವ ಗಾಡಿಯ ವೇಳೆ ಇವೆಲ್ಲವೂ ಜೀವ ಉಳಿಸುವ ಅಥವಾ ಕಳೆಯುವ ವಿಷಯಗಳಾದವು. ರಾಸ್ ಬೀದಿ ಬೀದಿ ಸುತ್ತಿ ಈ ಸಂಗತಿಗಳನ್ನು ನೋಡಿದರು. ಯಾವ ಬಡಾವಣೆಯಲ್ಲಿ ರೋಗ ಮರುಕಳಿಸುತ್ತದೆ, ಅಲ್ಲಿನವರು ಎಲ್ಲಿಂದ ನೀರು ತರುತ್ತಾರೆ, ಶುಚಿಗೊಳಿಸುವ ಸಿಬ್ಬಂದಿ ಎಷ್ಟಿದೆ, ಅವರ ಮೇಲ್ವಿಚಾರಣೆ ಹೇಗಿದೆ ಎಂಬುದನ್ನು ವಿಚಾರಿಸಿ ದಂಡಿನ ಕಾಲರಾ ಹಾಗೂ ನೈರ್ಮಲ್ಯ ವ್ಯವಸ್ಥೆಯ ಬಗ್ಗೆ ದೀರ್ಘ ವರದಿಯೊಂದನ್ನು ಸಿದ್ಧಪಡಿಸಿದರು.

ಪ್ರಯೋಗಶಾಲೆಯಲ್ಲಿ ಕಲಿಯಲಾಗದ ಪಾಠವೊಂದನ್ನು ಈ ಒಂದೂವರೆ ವರ್ಷ ಅವರಿಗೆ ಕಲಿಸಿತು. ರೋಗಕ್ಕೆ ಕಾರಣ ತಿಳಿದ ಮಾತ್ರಕ್ಕೆ ರೋಗ ನಿಲ್ಲುವುದಿಲ್ಲ. ಕಾರಣವನ್ನು ದಿನವೂ ತೊಡೆದುಹಾಕುವ ಕೈಗಳು, ಅವುಗಳಿಗೆ ಸಂಬಳ, ಅವುಗಳ ಮೇಲೆ ಗಮನವಿಡುವ ಆಡಳಿತ ಬೇಕು. ಆತ್ಮಕಥೆಯಲ್ಲಿ ಅವರು ಬೆಂಗಳೂರಿನ ಈ ಕಾರ್ಯಕ್ಕೆ ಸಾಕಷ್ಟು ಸ್ಥಳ ಕೊಟ್ಟಿದ್ದಾರೆ. ಅವರ ಬಗೆಗಿನ ಜನಪ್ರಿಯ ಲೇಖನಗಳು ಸಿಕಂದರಾಬಾದಿನಿಂದ ಸಿಕಂದರಾಬಾದಿಗೆ ಹಾರಿ ಈ ಅವಧಿಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದು ಸರಿಯಲ್ಲ. ಮುಂದೆ ಅವರು ಮಲೇರಿಯಾ ತಡೆಗೆ ಹಾಕಿಕೊಟ್ಟ ಯೋಜನೆಗಳೆಲ್ಲ ವೈದ್ಯನ ಯೋಜನೆಗಳಿಗಿಂತ ಹೆಚ್ಚಾಗಿ ಪೌರಸಂಸ್ಥೆಯ ಯೋಜನೆಗಳಂತಿವೆ.

ಬೌರಿಂಗ್ ಆಸ್ಪತ್ರೆಯ ಪ್ರಯೋಗಗಳು

ಚರಂಡಿಗಳ ನಡುವೆಯೂ ಸೊಳ್ಳೆಗಳು ಅವರನ್ನು ಬಿಡಲಿಲ್ಲ. ದಂಡಿನ ಸಿವಿಲ್ ಆಸ್ಪತ್ರೆಯಾಗಿದ್ದ ಬೌರಿಂಗ್ ಆಸ್ಪತ್ರೆಯು ಕಮಿಷನರ್ ಲೆವಿನ್ ಬೌರಿಂಗ್ ಅವರ ಹೆಸರಿನಲ್ಲಿ ೧೮೬೦ರ ದಶಕದಲ್ಲಿ ಆರಂಭವಾಗಿತ್ತು. ಶಿವಾಜಿನಗರದಲ್ಲಿ ಇಂದಿಗೂ ಇರುವ ಈ ಆಸ್ಪತ್ರೆಯಲ್ಲಿ ಬಿಡುವು ಸಿಕ್ಕಾಗಲೆಲ್ಲ ರಾಸ್ ಪ್ರಯೋಗ ಮುಂದುವರಿಸಿದರು. ಸೊಳ್ಳೆ ಸತ್ತ ನೀರನ್ನು ಕುಡಿಸುವ ಪ್ರಯೋಗವನ್ನು ಇಪ್ಪತ್ತಕ್ಕೂ ಹೆಚ್ಚು ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಖಚಿತವಾದ ಫಲ ಏನೂ ದೊರೆಯಲಿಲ್ಲ. ಗುರುವಿನ ಊಹೆಯ ಈ ಭಾಗವನ್ನು ಕೈಬಿಡಬೇಕೆಂಬ ಅನುಮಾನ ಬಲವಾಯಿತು. ಸೊಳ್ಳೆಯು ಕಚ್ಚುವಾಗಲೇ ರೋಗವನ್ನು ಒಳಗೆ ಬಿಡುತ್ತಿರಬಹುದೇ ಎಂಬ ವಿಚಾರಕ್ಕೆ ಅವರು ತಿರುಗಿದರು.

ಇದನ್ನು ಪರೀಕ್ಷಿಸಲು ತನ್ನ ದೇಹವನ್ನೇ ಒಡ್ಡಲು ಮುಂದೆ ಬಂದವರು ಅದೇ ಆಸ್ಪತ್ರೆಯ ಸಹಾಯಕ ಸರ್ಜನ್ ಅಪ್ಪಯ್ಯ. ಆಂಗ್ಲ ದಾಖಲೆಗಳಲ್ಲಿ ಇವರ ಹೆಸರು ಅಪ್ಪಿಯಾ ಎಂಬ ರೂಪದಲ್ಲಿದೆ. ಮಲೇರಿಯಾ ರೋಗಿಗಳ ರಕ್ತ ಕುಡಿದ ಸೊಳ್ಳೆಗಳಿಂದ ೧೮೯೬ರಲ್ಲಿ ಅವರು ಕಚ್ಚಿಸಿಕೊಂಡರು. ಇಲ್ಲಿ ಕೂಲಿಯ ಮಾತಿರಲಿಲ್ಲ. ಅಪಾಯವೇನೆಂದು ವೈದ್ಯರಾದ ಅಪ್ಪಯ್ಯನವರಿಗೆ ಚೆನ್ನಾಗಿಯೇ ತಿಳಿದಿತ್ತು. ಅವರಿಗೆ ಜ್ವರ ಬರಲಿಲ್ಲ. ಕಾರಣ ಇಂದು ಸ್ಪಷ್ಟ: ಮಲೇರಿಯಾವನ್ನು ಒಯ್ಯುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಮಾತ್ರ. ರಾಸ್‌ಗೆ ಸುಲಭವಾಗಿ ಸಿಗುತ್ತಿದ್ದವು ಮನೆಯ ಸುತ್ತಲಿನ ಬೂದು ಮತ್ತು ಪಟ್ಟೆಯ ಸೊಳ್ಳೆಗಳು. ಸೊಳ್ಳೆಗಳಲ್ಲಿ ಜಾತಿಭೇದವಿದೆ, ಎಲ್ಲವೂ ಎಲ್ಲ ರೋಗಗಳನ್ನು ಸಾಗಿಸುವುದಿಲ್ಲ ಎಂಬ ತಿಳಿವಿನತ್ತ ಬೌರಿಂಗ್ ಆಸ್ಪತ್ರೆಯ ಈ ವೈಫಲ್ಯವೇ ಅವರನ್ನು ನೂಕಿತು. ಅಪ್ಪಯ್ಯನವರ ಹೆಸರನ್ನು ರಾಸ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಸ್ಮರಿಸಿದ್ದಾರೆ.

೧೮೯೭ರ ವಸಂತದಲ್ಲಿ ರಜೆ ಪಡೆದು ಉದಕಮಂಡಲಕ್ಕೆ ಹೋದರು. ಅಲ್ಲಿಂದ ಮೈಸೂರಿನ ಕಡೆಗೆ ಇಳಿಯುವ ಸಿಗೂರು ಘಟ್ಟ ಜ್ವರಕ್ಕೆ ಕುಖ್ಯಾತವಾಗಿತ್ತು. ರಾಸ್ ಅಲ್ಲಿಗೆ ಹೋಗಿ ತಾವೇ ಮಲೇರಿಯಾ ತಗುಲಿಸಿಕೊಂಡರು. ರೆಕ್ಕೆಯ ಮೇಲೆ ಚುಕ್ಕೆಗಳಿದ್ದ, ಗೋಡೆಯ ಮೇಲೆ ಬಾಲವನ್ನೆತ್ತಿ ಕೂರುವ ಬೇರೆ ಬಗೆಯ ಸೊಳ್ಳೆಯೊಂದು ಅಲ್ಲಿ ಅವರ ಕಣ್ಣಿಗೆ ಬಿತ್ತು.

೨೦ ಆಗಸ್ಟ್ ೧೮೯೭

ಜೂನ್ ತಿಂಗಳಲ್ಲಿ ರಾಸ್ ಸಿಕಂದರಾಬಾದಿಗೆ ಮರಳಿದರು. ಬೇಸಗೆಯ ಬಿಸಿ ಇನ್ನೂ ಆರಿರಲಿಲ್ಲ. ಛೇದಿಸಿದ ಸೊಳ್ಳೆಗಳು ಹಾರಿಹೋಗುವುದರಿಂದ ಪಂಖಾ ಬೀಸುವಂತಿರಲಿಲ್ಲ. ಬೆವರು ಹರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು, ಅದರ ಮಸೂರವೊಂದು ಬಿರುಕು ಬಿಟ್ಟಿತ್ತು. ದಿನಗಟ್ಟಲೆ ನೂರಾರು ಸೊಳ್ಳೆಗಳನ್ನು ಸೀಳಿ ನೋಡಿದರೂ ಏನೂ ಸಿಗಲಿಲ್ಲ. ಆಗಸ್ಟ್ ನಡುವಿನಲ್ಲಿ ಸಹಾಯಕನೊಬ್ಬ ಚುಕ್ಕೆರೆಕ್ಕೆಯ ಸೊಳ್ಳೆಗಳ ಮರಿಹುಳುಗಳನ್ನು ತಂದುಕೊಟ್ಟ. ಅವು ಬೆಳೆದ ಮೇಲೆ ಹುಸೇನ್ ಖಾನ್ ಎಂಬ ರೋಗಿಯನ್ನು ಅವುಗಳಿಂದ ಕಚ್ಚಿಸಲಾಯಿತು. ಕಚ್ಚಿದ ಪ್ರತಿ ಸೊಳ್ಳೆಗೂ ಅವನಿಗೆ ಒಂದು ಆಣೆ ಸಂದಾಯವಾಯಿತು.

ಆಗಸ್ಟ್ ೨೦ರಂದು, ಕೆಲವೇ ಸೊಳ್ಳೆಗಳು ಉಳಿದಿದ್ದಾಗ, ಒಂದರ ಹೊಟ್ಟೆಯ ಗೋಡೆಯಲ್ಲಿ ರಾಸ್ ದುಂಡನೆಯ ಕೋಶಗಳನ್ನು ಕಂಡರು. ಅವುಗಳೊಳಗೆ ಮಲೇರಿಯಾ ಪರೋಪಜೀವಿಯಲ್ಲಿ ಮಾತ್ರ ಇರುವ ಕಪ್ಪು ಕಣಗಳಿದ್ದವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅವೇ ಕೋಶಗಳು ದೊಡ್ಡದಾಗಿ ಬೆಳೆದಿದ್ದವು. ಸೊಳ್ಳೆಯೊಳಗೆ ಪರೋಪಜೀವಿ ಬದುಕಿದೆ, ಬೆಳೆಯುತ್ತಿದೆ ಎಂಬುದಕ್ಕೆ ಇನ್ನಾವ ಸಾಕ್ಷ್ಯವೂ ಬೇಕಿರಲಿಲ್ಲ. ರಾಸ್ ಆ ಸಂತೋಷದಲ್ಲಿ ಒಂದು ಕವಿತೆ ಬರೆದು ಪತ್ನಿಗೆ ಕಳುಹಿಸಿದರು. ಅವರ ಪದ್ಯಗಳಲ್ಲಿ ಇಂದು ಜನರಿಗೆ ನೆನಪಿರುವುದು ಅದೊಂದೇ.

ಕಲ್ಕತ್ತಾದ ದಿನಗಳು

ಸರಪಳಿಯ ಅರ್ಧ ಮಾತ್ರ ಕೈಗೆ ಬಂದಿತ್ತು. ಅಷ್ಟರಲ್ಲಿ ಮತ್ತೆ ವರ್ಗಾವಣೆ, ಈ ಬಾರಿ ಮಲೇರಿಯಾ ಅಪರೂಪವಾದ ರಾಜಪುತಾನದ ಖೇರವಾಡಕ್ಕೆ. ಮ್ಯಾನ್ಸನ್ ಲಂಡನ್ನಿನಲ್ಲಿ ಒತ್ತಾಯ ತಂದ ಮೇಲೆ, ೧೮೯೮ರ ಫೆಬ್ರವರಿಯಲ್ಲಿ ಅವರನ್ನು ಸಂಶೋಧನೆಗಾಗಿಯೇ ಕಲ್ಕತ್ತಾಕ್ಕೆ ನೇಮಿಸಲಾಯಿತು. ಅಲ್ಲಿ ಮನುಷ್ಯರ ಬದಲು ಹಕ್ಕಿಗಳ ಮಲೇರಿಯಾವನ್ನು ಆರಿಸಿಕೊಂಡರು. ಮಹಮ್ಮದ್ ಬಕ್ಷ್ ಮತ್ತು ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಅವರ ನೆರವಿಗಿದ್ದರು. ಜುಲೈ ತಿಂಗಳಲ್ಲಿ ಪರೋಪಜೀವಿಯು ಸೊಳ್ಳೆಯ ಲಾಲಾಗ್ರಂಥಿಯನ್ನು ಸೇರುವುದನ್ನು ಕಂಡರು. ಅಂತಹ ಸೊಳ್ಳೆಗಳಿಂದ ಕಚ್ಚಿಸಿದಾಗ ಆರೋಗ್ಯವಾಗಿದ್ದ ಗುಬ್ಬಚ್ಚಿಗಳಿಗೆ ರೋಗ ಬಂದಿತು. ಬೌರಿಂಗ್ ಆಸ್ಪತ್ರೆಯಲ್ಲಿ ಕೇಳಿದ್ದ ಪ್ರಶ್ನೆಗೆ ಉತ್ತರ ದೊರೆಯಿತು. ರೋಗ ಸಾಗುವುದು ಕುಡಿಯುವ ನೀರಿನಿಂದಲ್ಲ, ಕಡಿತದಿಂದ.

ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಿಂದ ಹರಡುವ ಪೂರ್ಣ ಕ್ರಮವನ್ನು ತೋರಿಸಿದರು. ಮೊದಲಿಗರು ಯಾರೆಂಬ ಬಗ್ಗೆ ರಾಸ್ ಮತ್ತು ಗ್ರಾಸ್ಸಿ ನಡುವೆ ಹುಟ್ಟಿದ ಜಗಳ ದಶಕಗಳ ಕಾಲ ನಡೆಯಿತು. ಇಬ್ಬರೂ ಬಳಸಿದ ಭಾಷೆ ಅವರ ಘನತೆಗೆ ತಕ್ಕುದಾಗಿರಲಿಲ್ಲ. ಬದುಕಿನ ಕೊನೆಯ ಭಾಗದಲ್ಲಿ ರಾಸ್ ತಮ್ಮ ಗುರು ಮ್ಯಾನ್ಸನ್ ಅವರೊಂದಿಗೂ ಮುನಿಸಿಕೊಂಡರು. ಜನಹಿತಕ್ಕಾಗಿ ಇಷ್ಟು ದುಡಿದ ವ್ಯಕ್ತಿ ತಮಗೆ ಸಲ್ಲಬೇಕಾದ ಮನ್ನಣೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿದ್ದರೆಂಬುದು ಅವರ ಸ್ವಭಾವದ ಬಿಡಿಸಲಾಗದ ಗಂಟು.

ತಡೆಗಟ್ಟುವ ಕಾರ್ಯ

೧೮೯೯ರಲ್ಲಿ ರಾಸ್ ಭಾರತೀಯ ಸೇವೆಗೆ ರಾಜೀನಾಮೆ ನೀಡಿ, ಹೊಸದಾಗಿ ಆರಂಭವಾಗಿದ್ದ ಲಿವರ್‌ಪೂಲ್ ಉಷ್ಣವಲಯ ವೈದ್ಯಶಾಲೆಯಲ್ಲಿ ಸಣ್ಣ ಸಂಬಳದ ಉಪನ್ಯಾಸಕ ಹುದ್ದೆ ಹಿಡಿದರು. ಅದೇ ವರ್ಷ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿಗೆ ಹೋಗಿ, ಅಲ್ಲಿ ಮಲೇರಿಯಾ ಹರಡುವ ಸೊಳ್ಳೆಗಳನ್ನು ಗುರುತಿಸಿದರು. ಕಂಡುಹಿಡಿದದ್ದು ಸಾಕು, ಇನ್ನು ರೋಗವನ್ನು ತಡೆಯಬೇಕು ಎಂಬುದು ಅವರ ಹಟವಾಯಿತು. ಸೊಳ್ಳೆ ನಿರ್ಮೂಲನ ದಳಗಳನ್ನು ಹೇಗೆ ಕಟ್ಟಬೇಕೆಂಬ ಕೈಪಿಡಿಯನ್ನೇ ಬರೆದರು. ಕೆಲವು ಕೂಲಿಯಾಳುಗಳು, ಒಬ್ಬ ಮೇಸ್ತ್ರಿ, ಎಣ್ಣೆಯ ಡಬ್ಬ, ಮಣ್ಣು ತುಂಬಲು ಬುಟ್ಟಿಗಳು. ಬೀದಿ ಬೀದಿ ಹೋಗಿ ನಿಂತ ನೀರು 쏟ದಂತೆ ಚೆಲ್ಲುವುದು, ಹಳ್ಳ ಮುಚ್ಚುವುದು, ಮುಚ್ಚಲಾಗದಲ್ಲಿ ಎಣ್ಣೆ ಸುರಿಯುವುದು. ದಂಡಿನ ಬೀದಿಗಳಲ್ಲಿ ಪಡೆದ ಅನುಭವ ಇಲ್ಲಿ ಎದ್ದು ಕಾಣುತ್ತದೆ.

ಸುಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಪಟ್ಟಣದಲ್ಲಿ ಅವರ ಸಲಹೆಯಂತೆ ೧೯೦೨ರಿಂದ ಕೆಲಸ ನಡೆದು, ವರ್ಷಕ್ಕೆ ಸಾವಿರಕ್ಕೂ ಹೆಚ್ಚಿದ್ದ ಮಲೇರಿಯಾ ಪ್ರಕರಣಗಳು ಕೆಲವೇ ವರ್ಷಗಳಲ್ಲಿ ಬಹುತೇಕ ಇಲ್ಲವಾದವು. ಪನಾಮಾ ಕಾಲುವೆಯ ನಿರ್ಮಾಣದಲ್ಲೂ ಸೊಳ್ಳೆ ನಿಯಂತ್ರಣ ನಿರ್ಣಾಯಕವಾಯಿತು. ಭಾರತದಲ್ಲಿ ಮಾತ್ರ ಲಾಹೋರ್ ಸಮೀಪದ ಮಿಯಾ ಮೀರ್ ದಂಡಿನಲ್ಲಿ ನಡೆದ ಪ್ರಯತ್ನ ವಿಫಲವೆಂದು ಸರ್ಕಾರ ಘೋಷಿಸಿತು. ಸಾಕಷ್ಟು ಹಣವನ್ನೂ ಜನರನ್ನೂ ಒದಗಿಸದೆ ಮಾಡಿದ ಪ್ರಯೋಗವನ್ನು ತೋರಿಸಿ ಇಡೀ ಉಪಾಯವನ್ನೇ ತಳ್ಳಿಹಾಕುವುದು ಅನ್ಯಾಯವೆಂದು ರಾಸ್ ಕೊನೆಯವರೆಗೂ ವಾದಿಸಿದರು.

ಯೌವನದ ಗಣಿತವೂ ಕೊನೆಗೆ ಕೆಲಸಕ್ಕೆ ಬಂದಿತು. ೧೯೦೮ರಲ್ಲಿ ಮಾರಿಷಸ್ ದ್ವೀಪದ ಮಲೇರಿಯಾ ಕುರಿತು ವರದಿ ಬರೆಯುವಾಗ, ಮತ್ತು ಆ ಬಳಿಕ ಮಲೇರಿಯಾ ತಡೆಯ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ, ರೋಗ ಹರಡುವ ವೇಗವನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ಒಂದು ಊರಿನ ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ. ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನಾಗಿಯೇ ಕ್ಷೀಣಿಸುತ್ತದೆ ಎಂಬುದು ಅವರ ನಿರ್ಣಯ. ಸಾಂಕ್ರಾಮಿಕ ರೋಗಗಳ ಇಂದಿನ ಗಣಿತಶಾಸ್ತ್ರಕ್ಕೆ ಇದು ಅಡಿಪಾಯ. ಅವರನ್ನು ಹೆಚ್ಚಿನವರು ಸೊಳ್ಳೆಯ ಹೊಟ್ಟೆಯ ಶೋಧಕ್ಕಾಗಿ ನೆನೆಯುತ್ತಾರೆ. ರಾಸ್ ಸ್ವತಃ ಈ ಗಣಿತದ ಕೆಲಸವನ್ನು ಅದಕ್ಕಿಂತ ಕಡಿಮೆಯೆಂದು ಭಾವಿಸಿರಲಿಲ್ಲ.

ಕೊನೆಯ ವರ್ಷಗಳು

೧೯೦೧ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ೧೯೧೧ರಲ್ಲಿ ಸರ್ ಪದವಿ ಅವರಿಗೆ ಸಂದವು. ಹಿರಿಯ ಮಗ ರೊನಾಲ್ಡ್ ಕ್ಯಾಂಬೆಲ್ ಮೊದಲನೆಯ ಮಹಾಯುದ್ಧದ ಆರಂಭದಲ್ಲೇ, ೧೯೧೪ರ ಆಗಸ್ಟಿನಲ್ಲಿ, ಫ್ರಾನ್ಸಿನ ಲ ಕಾತೊ ಕದನದಲ್ಲಿ ಮಡಿದರು. ಯುದ್ಧಕಾಲದಲ್ಲಿ ರಾಸ್ ಬ್ರಿಟಿಷ್ ಸೇನೆಗೆ ಮಲೇರಿಯಾ ಸಲಹೆಗಾರರಾಗಿದ್ದರು. ೧೯೨೩ರಲ್ಲಿ ಆತ್ಮಕಥೆ ಪ್ರಕಟವಾಯಿತು. ೧೯೨೬ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಶೋಧನಾ ಸಂಸ್ಥೆ ಮತ್ತು ಆಸ್ಪತ್ರೆ ತೆರೆಯಿತು. ಹಣದ ಮುಗ್ಗಟ್ಟು ಮಾತ್ರ ತಪ್ಪಲಿಲ್ಲ. ೧೯೨೮ರಲ್ಲಿ ತಮ್ಮ ಸಂಶೋಧನೆಯ ಕಾಗದಪತ್ರಗಳನ್ನೇ ಮಾರಾಟಕ್ಕಿಟ್ಟರು. ಲೇಡಿ ಹೂಸ್ಟನ್ ಎಂಬ ಸಿರಿವಂತೆ ಅವನ್ನು ಕೊಂಡು ರಾಷ್ಟ್ರಕ್ಕೆ ಉಳಿಸಿದರು. ಪತ್ನಿ ರೋಸಾ ೧೯೩೧ರಲ್ಲಿ ತೀರಿಕೊಂಡರು. ಮರುವರ್ಷ ಸೆಪ್ಟೆಂಬರ್ ೧೬ರಂದು ರಾಸ್ ತಮ್ಮ ಹೆಸರಿನ ಸಂಸ್ಥೆಯಲ್ಲೇ ನಿಧನರಾದರು.

ಸ್ಮರಣೆ

ಆಗಸ್ಟ್ ೨೦ನ್ನು ಪ್ರತಿವರ್ಷ ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತದೆ. ಕಲ್ಕತ್ತಾದ ಆಸ್ಪತ್ರೆಯ ಬಳಿ ೧೯೨೭ರಲ್ಲಿ ಅವರ ಸಮ್ಮುಖದಲ್ಲೇ ಸ್ಮಾರಕ ದ್ವಾರ ಉದ್ಘಾಟನೆಯಾಯಿತು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರು ಕೆಲಸ ಮಾಡಿದ ಕಟ್ಟಡವನ್ನು ಅವರ ಹೆಸರಿನಲ್ಲಿ ಕಾಪಾಡಿಕೊಳ್ಳಲಾಗಿದೆ. ಮೈಸೂರು ಸಂಸ್ಥಾನವು ೧೯೨೦ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೆನಾಡು ಮತ್ತು ನೀರಾವರಿ ಪ್ರದೇಶಗಳಲ್ಲಿ ಮಲೇರಿಯಾ ಸಮೀಕ್ಷೆ ಹಾಗೂ ನಿಯಂತ್ರಣವನ್ನು ಕೈಗೊಂಡಿತು.

ರಾಸ್ ಬೆಂಗಳೂರು ಬಿಟ್ಟ ಮರುವರ್ಷ, ೧೮೯೮ರಲ್ಲಿ, ಪ್ಲೇಗು ಪೇಟೆಯನ್ನೂ ದಂಡನ್ನೂ ಹೊಕ್ಕಿತು. ಇಕ್ಕಟ್ಟಾದ ಬ್ಲಾಕ್‌ಪಳ್ಳಿಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರೇಜರ್ ಟೌನ್ ಬಡಾವಣೆ ರೂಪುಗೊಂಡಿತು. ಬೌರಿಂಗ್ ಆಸ್ಪತ್ರೆ ಇಂದು ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಾಗಿ, ವೈದ್ಯಕೀಯ ಕಾಲೇಜಿನೊಂದಿಗೆ, ನಗರದ ಪೂರ್ವಭಾಗದ ಬಡಜನರಿಗೆ ಚಿಕಿತ್ಸೆ ನೀಡುತ್ತಿದೆ. ಮಳೆಗಾಲದಲ್ಲಿ ಅದರ ವಾರ್ಡುಗಳಿಗೆ ಈಗ ಹೆಚ್ಚಾಗಿ ಬರುವುದು ಡೆಂಗಿ ಜ್ವರದವರು. ಅದನ್ನು ಹರಡುವುದು ಈಡಿಸ್ ಎಂಬ ಪಟ್ಟೆಯ ಸೊಳ್ಳೆ, ಮನೆಯಂಗಳದ ತೊಟ್ಟಿ ಮತ್ತು ಡ್ರಮ್ಮುಗಳ ನೀರಿನಲ್ಲಿ ಮೊಟ್ಟೆಯಿಡುವಂಥದು.